ಗ್ರಂಥಾಲಯದ ಹಳೇ ನಕ್ಷೆಯಲ್ಲಿ ಮುಳುಗಿದ ನಮ್ಮೂರು: ಸ್ಕ್ಯಾನ್ ಸೇವೆ ಯಾರಾದ್ರೂ ಬಳಸಿದ್ದೀರಾ?

ಮುಳುಗಡೆ ಮಾಸ್ತರ | ಭಾನುವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನಮ್ಮೂರು ಬೀಳಗಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಗೆ ಇತ್ತು. ‘ಇತ್ತು’ ಅಂತಲೇ ಬರೆಯಬೇಕು. ಆಲಮಟ್ಟಿ ಹಿನ್ನೀರಿಗೆ ಹೋಯಿತು. ಗಂಟುಮೂಟೆ ಕಟ್ಟಿ ಪುನರ್ವಸತಿ ಊರಿಗೆ ಬಂದಾಗ ನಾನು ಐದನೇ ಇಯತ್ತೆ. ಈಗ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಅಪ್ಪನಿಗೆ ಎಂಬತ್ತರ ಹತ್ತಿರ. ರಾತ್ರಿ ಊಟ ಆದ ಮೇಲೆ ದಿನಾ ಅದೇ ಮಾತು: ಅಗಸಿ (ಊರ ಬಾಗಿಲು) ಇಲ್ಲಿತ್ತು, ಹನುಮಪ್ಪನ ಗುಡಿ ಅಲ್ಲಿತ್ತು, ಹಳ್ಳ ಹೀಗೆ ತಿರುಗಿತ್ತು. ಅದನ್ನೆಲ್ಲ ಮಕ್ಕಳ ಕೈಯಲ್ಲಿ ಒಂದು ನಕ್ಷೆ ಮಾಡಿಸೋಣ ಅಂತ ನನ್ನ ಆಸೆ.

ನಮ್ಮ ಕಡೆಯ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯ ತನ್ನ ಹಳೇ ನಕ್ಷೆಗಳನ್ನು ಹೊರಗಿನವರಿಗೂ ತೋರಿಸಲು ಶುರು ಮಾಡಿದೆ. ಮೊದಲೇ ಹೇಳಿ ಹೋದರೆ ಹಾಳೆ ತೆಗೆದು ಕೊಡುತ್ತಾರೆ, ಸ್ಕ್ಯಾನ್ ಮಾಡಿ ಕೊಡುತ್ತಾರೆ. ಒಂದು ಕಂಪ್ಯೂಟರಿನಲ್ಲಿ ಹಳೇ ನಕ್ಷೆಯನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಇಟ್ಟು, ಬೆರಳಿನಿಂದ ಸರಿಸಿ ನೋಡಬಹುದು. ಕೇಳಿ ಖುಷಿ ಆಯಿತು. ರಜೆ ಹಾಕಿ ಹೋದೆ.

ಹೋದರೆ ಸ್ಕ್ಯಾನರ್ ರಿಪೇರಿಗೆ ಹೋಗಿದೆ. ದಿನಕ್ಕೆ ಎರಡೇ ಹಾಳೆ ಅಂತ ನಿಯಮ. ಹಾಳೆ ಆ ಕೋಣೆ ಬಿಟ್ಟು ಹೊರಗೆ ಬರುವ ಹಾಗಿಲ್ಲ. ಪೆನ್ನು ಕಿಸೆಯಲ್ಲಿತ್ತು, ಅದನ್ನೂ ಬಾಗಿಲಲ್ಲೇ ಇಸ್ಕೊಂಡರು. ಅದಿರಲಿ. ನಮ್ಮೂರು ಸರಿಯಾಗಿ ಎರಡು ಹಾಳೆಗಳ ನಡುವಿನ ಗೆರೆ ಮೇಲೆ ಕೂತಿದೆ! ಅರ್ಧ ಊರು ಒಂದರಲ್ಲಿ, ಅರ್ಧ ಇನ್ನೊಂದರಲ್ಲಿ. ಮೊಬೈಲಿನಲ್ಲಿ ಎರಡೂ ಹಾಳೆಯ ಫೋಟೋ ತೆಗೆದು, ಮನೆಯಲ್ಲಿ ಜೋಡಿಸಿ, ಪ್ರಿಂಟ್ ಹಾಕಿಸಿ ಅಪ್ಪನ ಮುಂದೆ ಇಟ್ಟೆ.

ಅಪ್ಪ ಐದು ನಿಮಿಷ ನೋಡಿದರು. ಆಮೇಲೆ, “ಏ ತಮ್ಮಾ, ಇದು ನಮ್ಮೂರಲ್ಲೋ. ಹಳ್ಳ ಗುಡಿಯ ಆ ಕಡೆ ಇತ್ತು, ಇದರಾಗ ಈ ಕಡೆ ಐತಿ” ಅಂದು ಎದ್ದು ಹೋದರು.

ಈಗ ಹೇಳಿ, ತಪ್ಪಿದ್ದು ಅಪ್ಪನೋ ನಕ್ಷೆಯೋ? ಈ ಹಾಳೆಗಳು ಮನೆಯಲ್ಲೇ ಕೂತು ಸಿಗುವ ದಾರಿ ಇದೆಯಾ? ಫೋನಿನಲ್ಲಿ ಇಟ್ಟುಕೊಂಡು ಹಿನ್ನೀರಿನ ದಂಡೆಗೆ ಹೋಗಿ ‘ಇಲ್ಲೇ ನಮ್ಮ ಮನೆ’ ಅಂತ ನೋಡಲು ಆಗುತ್ತಾ?

ಎರಡು ರೊಟ್ಟಿ | 9.52

ಅಪ್ಪನೇ ಸರಿ. ಚರ್ಚೆ ಮುಗೀತು, ಎಲ್ಲರೂ ಮಲಗಿ.

ಟೋಪೋ ತಮ್ಮ | 10.05

ಮಾಸ್ತರ್ ಸರ್, ನಾನು ಭೂವಿಜ್ಞಾನದ ವಿದ್ಯಾರ್ಥಿ, ಈ ಹಾಳೆಗಳ ಜೊತೆಗೇ ಊಟ-ನಿದ್ದೆ. ಹಾಳೆ ನಂಬರ್ ಏನಿತ್ತು? ನೀವು ಹೇಳಿದ ಜಾಗ ನೋಡಿದರೆ 47 ಪಿ/11 ಮತ್ತು 47 ಪಿ/15 ಇರಬೇಕು.

ಲೆಕ್ಕ ಹೀಗಿದೆ. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೇ ಪದ್ಧತಿಯಲ್ಲಿ 47 ಅಂದರೆ ನಾಲ್ಕು ಡಿಗ್ರಿ ಉದ್ದ, ನಾಲ್ಕು ಡಿಗ್ರಿ ಅಗಲದ ಒಂದು ದೊಡ್ಡ ಚೌಕ. ಅದರೊಳಗೆ ಎ ಇಂದ ಪಿ ತನಕ 16 ಚೌಕ, ಒಂದೊಂದೂ ಒಂದು ಡಿಗ್ರಿ. ಅದನ್ನು ಮತ್ತೆ 16 ಮಾಡಿದರೆ ಹದಿನೈದು ಮಿನಿಟಿನ, ಅಂದರೆ ಕಾಲು ಡಿಗ್ರಿಯ ಹಾಳೆ ಸಿಗುತ್ತದೆ. ನಂಬರು ಮೇಲಿಂದ ಕೆಳಗೆ ಇಳಿಯುತ್ತದೆ, ಆಮೇಲೆ ಪಕ್ಕದ ಸಾಲಿಗೆ ಹೋಗುತ್ತದೆ. ವಿಜಯಪುರ ಪಟ್ಟಣ 47 ಪಿ/9, ಬಾಗಲಕೋಟೆ 47 ಪಿ/12, ಆಲಮಟ್ಟಿ 47 ಪಿ/15. ಬಾದಾಮಿಗೆ ಹೋದರೆ 16ನೇ ಅಕ್ಷಾಂಶ ದಾಟುತ್ತೀರಿ, ಅಲ್ಲಿಂದ 48 ಶುರು. ಬಾದಾಮಿ 48 ಎಂ/9.

ಇನ್ನು ಊರು ಹಾಳೆಯ ಅಂಚಿಗೆ ಬೀಳುವುದು. ಸರ್, ಇದು ಎಲ್ಲರ ಗೋಳು. ನನ್ನ ಪ್ರಾಜೆಕ್ಟ್ ಜಾಗ ನಾಲ್ಕು ಹಾಳೆ ಕೂಡುವ ಮೂಲೆಯಲ್ಲಿತ್ತು.

ಬದುವಿನ ಜಗಳ | 10.11

ಇದೇ ಸಮಯ ಅಂತ ಕೇಳುತ್ತೇನೆ. ನಮ್ಮ ದಾಯಾದಿಗಳು ನಮ್ಮ ಹೊಲದ ಬದು ಒಡೆದು ನಾಲ್ಕು ಸಾಲು ಒಳಗೆ ಬಂದಿದ್ದಾರೆ. ಉತಾರದಲ್ಲಿ (ಪಹಣಿಯಲ್ಲಿ) 3 ಎಕರೆ 12 ಗುಂಟೆ ಇದೆ, ಅಳೆದರೆ ಕಡಿಮೆ ಬರುತ್ತದೆ. ಈ ಗ್ರಂಥಾಲಯದ ನಕ್ಷೆ ತಂದು ತೋರಿಸಿದರೆ ಕೋರ್ಟಿನಲ್ಲಿ ನಡೆಯುತ್ತಾ?

ಟೋಪೋ ತಮ್ಮ | 10.14

ಇಲ್ಲಣ್ಣ. ಅದರಲ್ಲಿ ನಿಮ್ಮ ಹೊಲವೇ ಕಾಣೋದಿಲ್ಲ. ಒಂದು ಇಂಚಿಗೆ ಒಂದು ಮೈಲಿ. ನಿಮ್ಮ ನಾಲ್ಕು ಸಾಲು ಪೆನ್ಸಿಲ್ ಗೆರೆಯ ದಪ್ಪಕ್ಕೂ ಬರೋದಿಲ್ಲ.

ನಿವೃತ್ತ ಚೈನ್‌ಮನ್ | 10.40

ಬದುವಿನ ಜಗಳ ಅವರೇ, ನೀವು ತಪ್ಪು ಕಪಾಟು ತೆಗೆಯುತ್ತಿದ್ದೀರಿ. ನಿಮಗೆ ಬೇಕಾದ್ದು ಸರ್ವೇಕ್ಷಣ ಇಲಾಖೆಯ ಈ ಟೋಪೋ ಹಾಳೆ ಅಲ್ಲ, ಊರಿನ ನಕಾಶೆ ಮತ್ತು ಟಿಪ್ಪಣಿ, ಅಂದರೆ ಹೊಲ ಅಳೆದಾಗ ಬರೆದಿಟ್ಟ ಅಳತೆ. ಅದು ಇರುವುದು ಭೂಮಾಪನ ಆಫೀಸಿನಲ್ಲಿ, ವಿಶ್ವವಿದ್ಯಾಲಯದಲ್ಲಲ್ಲ. ಊರಿನ ನಕಾಶೆ ಮೈಲಿಗೆ ಎಂಟು ಇಂಚು. ಅದರಲ್ಲಿ ಪ್ರತಿ ಸರ್ವೇ ನಂಬರ್ ಕಾಣುತ್ತದೆ. ಅಳತೆ ಬೇಕಾದರೆ ಟಿಪ್ಪಣಿ ನಕಲು ತೆಗೆಸಿ, ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಹಾಕಿ. ಗಡಿ ಗುರುತಿನ ಬಾಂದುಕಲ್ಲು ಇದ್ದರೆ ಕಿತ್ತು ಹಾಕಬೇಡಿ, ಕೈ ಮುಗಿಯುತ್ತೇನೆ. ಅರ್ಧ ಜಗಳ ಬಾಂದುಕಲ್ಲು ಕಿತ್ತಿದ್ದಕ್ಕೇ ಹುಟ್ಟುತ್ತದೆ.

ಈಗಿನವರಿಗೆ ಗೊತ್ತಿಲ್ಲ ಅಂತ ಹೇಳುತ್ತೇನೆ. ನಮ್ಮ ಮುಂಬೈ ಕರ್ನಾಟಕದ ಮೋಜಣಿ (ಭೂಮಿ ಅಳತೆ) 33 ಅಡಿ ಚೈನಿನದು. ಒಂದು ಚೈನಿಗೆ 16 ಆಣೆ. ಒಂದು ಚೈನು ಉದ್ದ, ಒಂದು ಚೈನು ಅಗಲ ಅಂದರೆ ಒಂದು ಗುಂಟೆ, 1,089 ಚದರ ಅಡಿ. ಅಂಥ ನಲವತ್ತು ಕೂಡಿದರೆ ಎಕರೆ. 1835ರಲ್ಲಿ ಪುಣೆ ಕಡೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಅಂತ ಇಬ್ಬರು ಸಾಹೇಬರು ಶುರು ಮಾಡಿದ ಪದ್ಧತಿ ಇದು, ಆಮೇಲೆ ನಮ್ಮ ಕಡೆಗೂ ಬಂತು. ಒಂದು ಜೋಡಿ ಎತ್ತು ಎಷ್ಟು ಹೊಲ ಹೂಡಬಲ್ಲದೋ ಅದನ್ನು ನೋಡಿ ಸರ್ವೇ ನಂಬರಿನ ಗಾತ್ರ ಇಟ್ಟರು. ನಮ್ಮ ಹೊಲಗಳ ಗಾತ್ರ ಎತ್ತಿನ ಲೆಕ್ಕದ್ದು.

ಚೈನು ಎಳೆದು ಎಳೆದು ನನ್ನ ಬಲ ಭುಜ ಈಗಲೂ ಮೇಲೇಳೋದಿಲ್ಲ.

ಬದುವಿನ ಜಗಳ | 10.44

ಕಾಕಾ, ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೇ ನಂಬರ್ ಬರುತ್ತಲ್ಲ? ಅದು ಸಾಕಲ್ವಾ?

ನಿವೃತ್ತ ಚೈನ್‌ಮನ್ | 10.50

ಯಾವ ಸರ್ವೇ ನಂಬರಿನಲ್ಲಿ ನಿಂತಿದ್ದೀರಿ ಅಂತ ತಿಳಿಯಲು ಸಾಕು. ಬದು ಎಲ್ಲಿ ಅಂತ ಹೇಳಲು ಸಾಲದು. ಫೋನಿನ ಜಿಪಿಎಸ್ಸೇ ನಾಲ್ಕೈದು ಮೀಟರ್ ಅತ್ತಿತ್ತ ಆಡುತ್ತದೆ. ನಿಮ್ಮ ಜಗಳ ಇರುವುದೇ ನಾಲ್ಕು ಸಾಲಿಗೆ.

ಕಪಾಟಿನ ಕಾವಲುಗಾರ | ಸೋಮವಾರ ಬೆಳಿಗ್ಗೆ 7.20

ಮಾಸ್ತರರೇ, ನಾನೂ ಒಂದು ಗ್ರಂಥಾಲಯದಲ್ಲಿ ಕೆಲಸ ಮಾಡುವವನು. ಯಾವುದು ಅಂತ ಕೇಳಬೇಡಿ. ನಿಯಮಗಳ ಬಗ್ಗೆ ನಿಮಗೆ ಸಿಟ್ಟು ಬಂದದ್ದು ಸರಿ, ಆದರೆ ಅವು ಸುಮ್ನೆ ಮಾಡಿದ್ದಲ್ಲ.

ಪೆನ್ನು ಯಾಕೆ ಬೇಡ? ಒಂದು ಹನಿ ಇಂಕು ಬಿದ್ದರೆ ಅದು ಹೋಗುವುದಿಲ್ಲ. ಪೆನ್ಸಿಲ್ ಆದರೆ ಒರೆಸಬಹುದು. ಎರಡೇ ಹಾಳೆ ಯಾಕೆ? ಇವು ಮೇಜಿನ ಅಗಲದ ಹಾಳೆಗಳು, ಚಪ್ಪಟೆ ಡ್ರಾಯರಿನಲ್ಲಿ ಒಂದರ ಮೇಲೊಂದು ಇರುತ್ತವೆ. ಮೂವತ್ತನೆಯದು ಬೇಕೆಂದರೆ ಮೇಲಿನ ಇಪ್ಪತ್ತೊಂಬತ್ತನ್ನು ಎತ್ತಬೇಕು. ಎತ್ತುವಾಗಲೇ ಅಂಚು ಹರಿಯುವುದು. ಅದಕ್ಕೆ ಇಬ್ಬರು ಬೇಕು. ಇರುವವನು ಒಬ್ಬನೇ.

ಸ್ಕ್ಯಾನರ್ ಮಾತ್ರ ನಮ್ಮ ತಪ್ಪು, ಒಪ್ಪುತ್ತೇನೆ. ಅಷ್ಟಗಲದ ಹಾಳೆ ಎ3 ಯಂತ್ರದಲ್ಲಿ ಹಿಡಿಸುವುದಿಲ್ಲ. ದೊಡ್ಡ ಯಂತ್ರ ಒಂದೇ. ಅದು ಕೆಟ್ಟರೆ ಎಲ್ಲವೂ ನಿಂತಿತು. ಫೋನ್ ಮಾಡಿ ಬರಬೇಡಿ ಅಂತ ಹೇಳಬೇಕಿತ್ತು.

ಒಂದು ಪ್ರಶ್ನೆ: ನೀವು ಎರಡು ಫೋಟೋ ಹೇಗೆ ಜೋಡಿಸಿದಿರಿ? ಅಂಚಿನ ಗೆರೆಗೆ ಗೆರೆ ಕೂಡಿಸಿದಿರಾ?

ಎರಡು ರೊಟ್ಟಿ | 7.31

‘ಯಾವುದು ಅಂತ ಕೇಳಬೇಡಿ’ ಅಂದವರು ಕೆಳಗೆ ‘ನಮ್ಮ ತಪ್ಪು’ ಅಂದಿದ್ದಾರೆ. ನಾನೇನೂ ಕೇಳಿಲ್ಲಪ್ಪ.

ಕಪಾಟಿನ ಕಾವಲುಗಾರ | 7.33

🙏

ಕಲಾದಗಿ ದಾಳಿಂಬೆ | 8.15

ನಕ್ಷೆ ಮಾತು ಬಂತು ಅಂತ ನಮ್ಮೂರಿನ ಪರವಾಗಿ ಒಂದು ಮಾತು. ಹಳೇ ನಕ್ಷೆಯಲ್ಲಿ ‘ಬಿಜಾಪುರ ಜಿಲ್ಲೆ’ ಹುಡುಕಿದರೆ ಸಿಗೋದಿಲ್ಲ. ಯಾಕೆಂದರೆ ಅದು ಕಲಾದಗಿ ಜಿಲ್ಲೆ! 1885ರಲ್ಲಿ ಕಚೇರಿ ಬಿಜಾಪುರಕ್ಕೆ ಹೋಯಿತು, ಹೆಸರೂ ಹೋಯಿತು. ಈಗ ನಮಗೆ ಉಳಿದದ್ದು ದಾಳಿಂಬೆ, ಚಿಕ್ಕು.

ಸುರಂಗ ಬಾವಿ | 8.22

ದಾಳಿಂಬೆಯವರೇ, ನಿಮ್ಮ ಸಿಟ್ಟು ನಮಗೆ ಉಪಯೋಗ ಆಗುತ್ತದೆ. ನಕ್ಷೆಯ ಮೇಲೆ ವರ್ಷ ಇಲ್ಲದಿದ್ದರೆ ಹೆಸರು ನೋಡಿ ಕಾಲ ಹೇಳಬಹುದು. ಕಲಾದಗಿ ಜಿಲ್ಲೆ ಅಂತಿದ್ದರೆ 1885ಕ್ಕಿಂತ ಹಿಂದಿನದು. ಗದಗ-ಹೊಟಗಿ ರೈಲು ಹಳಿ ಇದ್ದರೆ 1880ರ ದಶಕದಿಂದ ಈಚೆಗೆ. ಬಾಗಲಕೋಟೆ ಬೇರೆ ಜಿಲ್ಲೆ ಆಗಿದ್ದರೆ 1997ರ ಮೇಲಿನದು. ‘ವಿಜಯಪುರ’ ಅಂತ ಅಚ್ಚಾಗಿದ್ದರೆ 2014ರ ನವೆಂಬರ್ ಆದ ಮೇಲೆ.

ಸೆಕ್ಟರ್ ಹುಡುಗಿ | 8.40

ಮುಂಬೈ ಪ್ರಾಂತ್ಯ ಅಂತಿದ್ದರೆ?

ಸುರಂಗ ಬಾವಿ | 8.43

1950ಕ್ಕೆ ಮುಂಚಿನದು, ಅಕ್ಕಾ. ಬರೀ ಮುಂಬೈ ರಾಜ್ಯ ಅಂತಿದ್ದರೆ 1956ರ ಒಳಗೆ.

ಕುಂದಾ ಪ್ರಿಯ | 9.10

ಬೆಳಗಾವಿಯಿಂದ ನಾನು. ನಮ್ಮ ಕಡೆಯ ಹಳೇ ನಕ್ಷೆ ನೋಡಿದರೆ ಕೌದಿ ನೆನಪಾಗುತ್ತದೆ. ಒಂದು ತುಂಡು ಬ್ರಿಟಿಷರದು, ಪಕ್ಕದ್ದು ಸಾಂಗ್ಲಿಯದು, ಅದರ ಪಕ್ಕ ಕುರುಂದವಾಡದ್ದು, ಸ್ವಲ್ಪ ಕೆಳಗೆ ರಾಮದುರ್ಗ, ಮೇಲೆ ಜಮಖಂಡಿ, ಮುಧೋಳ. ಬೆಳಗಾವಿಗೆ ಅಂಟಿಕೊಂಡೇ ಇರುವ ಶಹಾಪುರ ಸಾಂಗ್ಲಿ ಸಂಸ್ಥಾನದ್ದು ಗೊತ್ತಾ? ಒಂದು ಓಣಿ ದಾಟಿದರೆ ಬೇರೆ ರಾಜ. 1948ರಲ್ಲಿ ಇವೆಲ್ಲ ವಿಲೀನ ಆದವು. ಅದರ ಮುಂದಿನ ಗಡಿ ವಿಷಯಕ್ಕೆ ಬಂದರೆ...

ನಿರ್ವಾಹಕ | 9.12

ಬರಬೇಡಿ. ಗಡಿ ಚರ್ಚೆಗೆ ಬೇರೆ ಎಳೆ ಇದೆ. ಅದಕ್ಕೂ ಬೀಗ ಹಾಕಿದ್ದೇನೆ.

ಕುಂದಾ ಪ್ರಿಯ | 9.13

😄 ಸರಿ ಸಾಹೇಬ್ರೇ.

ಗೋಡಂಬಿ | 9.35

ನಮ್ಮ ತಾತ ಸಂಸ್ಥಾನದಲ್ಲಿ ಕಾರಕೂನ ಆಗಿದ್ದರು. ಅವರ ಪೆಟ್ಟಿಗೆಯಲ್ಲಿ ಬಟ್ಟೆ ಅಂಟಿಸಿದ ಒಂದು ನಕ್ಷೆ ಇದೆ. ಮಡಚಲು ಬರಲಿ ಅಂತ ಎಂಟು ತುಂಡು ಮಾಡಿ ಬಟ್ಟೆ ಮೇಲೆ ಹಚ್ಚಿದ್ದಾರೆ. ಹಾಳಾಗಬಾರದು ಅಂತ ಹೋದ ವಾರ ಲ್ಯಾಮಿನೇಷನ್‌ಗೆ ಕೊಟ್ಟಿದ್ದೇನೆ.

ಕಪಾಟಿನ ಕಾವಲುಗಾರ | 9.36

ನಿಲ್ಲಿಸಿ!! ಅಂಗಡಿಗೆ ಈಗಲೇ ಫೋನ್ ಮಾಡಿ.

ಕಪಾಟಿನ ಕಾವಲುಗಾರ | 9.44

ಕೂಗಿದ್ದಕ್ಕೆ ಕ್ಷಮಿಸಿ. ಲ್ಯಾಮಿನೇಷನ್ ಅಂದರೆ ಬಿಸಿ ಮಾಡಿ ಪ್ಲಾಸ್ಟಿಕ್ ಅಂಟಿಸುವುದು. ಒಮ್ಮೆ ಅಂಟಿದರೆ ಬಿಡಿಸಲು ಬರುವುದಿಲ್ಲ. ಒಳಗೆ ಕಾಗದ ಹಳದಿಯಾಗುತ್ತಾ ಹೋಗುತ್ತದೆ, ನಾವು ಹೊರಗೆ ನಿಂತು ನೋಡಬೇಕು. ಸೆಲ್ಲೋ ಟೇಪ್ ಇನ್ನೂ ಕೆಟ್ಟದ್ದು, ಅದರ ಗೋಂದು ಕಂದು ಕಲೆಯಾಗಿ ಒಳಗೆ ಇಳಿಯುತ್ತದೆ. ಹರಿದ ಜಾಗಕ್ಕೆ ತೆಳು ಜಪಾನಿ ಕಾಗದ ಮತ್ತು ಗೋಧಿ ಹಿಟ್ಟಿನ ಅಂಟು. ನೀರು ಹಾಕಿದರೆ ಬಿಟ್ಟುಕೊಳ್ಳುವ ಅಂಟು ಅದು, ಮುಂದೆ ಯಾರಾದರೂ ತಿದ್ದಬೇಕಾದರೆ ತಿದ್ದಬಹುದು. ಮನೆಯಲ್ಲಿ ಏನೂ ಮಾಡಲು ಆಗದಿದ್ದರೆ ಚಪ್ಪಟೆಯಾಗಿ ಇಡಿ, ಬಿಸಿಲಿನಿಂದ ದೂರ ಇಡಿ. ಸಾಕು.

ಗೋಡಂಬಿ | 10.20

ಫೋನ್ ಮಾಡಿದೆ. ಇನ್ನೂ ಮಾಡಿಲ್ಲವಂತೆ. “ಅಕ್ಕಾರ, ದೊಡ್ಡ ರೋಲ್ ಖಾಲಿ ಆಗೈತ್ರಿ, ನಾಳೆ ಬರತೈತಿ” ಅಂದ. ಆ ಖಾಲಿ ರೋಲಿಗೆ ಒಂದು ತೆಂಗಿನಕಾಯಿ ಒಡೆಯಬೇಕು.

ಟೋಪೋ ತಮ್ಮ | 11.05

ಮಾಸ್ತರ್ ಸರ್, ಮನೆಯಲ್ಲೇ ಕೂತು ನೋಡುವ ಬಗ್ಗೆ. ಸರ್ವೇಕ್ಷಣ ಇಲಾಖೆಯ ಜಾಲತಾಣದಲ್ಲಿ 1:50,000 ಅಳತೆಯ ಮುಕ್ತ ಸರಣಿ (ಜನರಿಗೆ ಬಿಟ್ಟ) ನಕ್ಷೆಗಳನ್ನು ನೋಂದಣಿ ಮಾಡಿಕೊಂಡು ಇಳಿಸಿಕೊಳ್ಳಬಹುದು. 2017ರಲ್ಲಿ ಶುರು ಆಯಿತು. ಆದರೆ ಅವು ಹೊಸ ನಕ್ಷೆಗಳು. ಅದರಲ್ಲಿ ನಿಮ್ಮೂರಿನ ಜಾಗಕ್ಕೆ ನೀಲಿ ಬಣ್ಣ ಇರುತ್ತದೆ, ಅಷ್ಟೇ.

ಅಣೆಕಟ್ಟೆಗೆ ಮುಂಚಿನದು ಬೇಕಾದರೆ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಇದೆ. ಆ ದೇಶದ ಸೇನೆ 1950ರ ದಶಕದಲ್ಲಿ ಮಾಡಿದ ಭಾರತದ ನಕ್ಷೆಗಳನ್ನು ಹಾಗೇ ಎಲ್ಲರಿಗೂ ಬಿಟ್ಟಿದೆ. ಅಳತೆ 1:2,50,000. ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರ್. ಊರು ಚುಕ್ಕೆಯಾಗಿ ಕಾಣಬಹುದು, ಅಗಸಿ ಕಾಣೋದಿಲ್ಲ.

ಸೆಕ್ಟರ್ ಹುಡುಗಿ | 11.12

ತಮಾಷೆ ನೋಡಿ. ನಮ್ಮ ಕೃಷ್ಣೆಯನ್ನು ನೋಡಲು ಟೆಕ್ಸಾಸಿಗೆ ಹೋಗಬೇಕು. ನಮ್ಮ ಗ್ರಂಥಾಲಯಗಳು ಇಷ್ಟು ವರ್ಷ ಬಾಗಿಲು ಹಾಕಿಕೊಂಡು ಏನು ಮಾಡ್ತಿದ್ದವು?

ಕಪಾಟಿನ ಕಾವಲುಗಾರ | 11.30

ನ್ಯಾಯವಾದ ಪ್ರಶ್ನೆ. ಅರ್ಧ ಕಾರಣ ಸೋಮಾರಿತನ. ಇನ್ನರ್ಧ ಭಯ. ಮೊದಲು ಎಷ್ಟೋ ಹಾಳೆಗಳು ನಿರ್ಬಂಧಿತ ಪಟ್ಟಿಯಲ್ಲಿದ್ದವು, ಕರಾವಳಿ ಮತ್ತು ಗಡಿಗೆ ಹತ್ತಿರದವು ವಿಶೇಷವಾಗಿ. ಯಾರಿಗೆ ಕೊಟ್ಟಿರಿ, ಯಾಕೆ ಕೊಟ್ಟಿರಿ ಅಂತ ಲೆಕ್ಕ ಬರೆದಿಡಬೇಕಿತ್ತು. 2005ರ ನಕ್ಷೆ ನೀತಿಯಲ್ಲಿ ರಕ್ಷಣೆಗೆ ಬೇರೆ ಸರಣಿ, ಜನರಿಗೆ ಬೇರೆ ಸರಣಿ ಅಂತ ಮಾಡಿದರು. 2021ರಲ್ಲಿ ನಿಯಮ ಇನ್ನೂ ಸಡಿಲ ಆಯಿತು. ಆದರೆ ಹಳೇ ಗುಮಾಸ್ತರಿಗೆ ಬೀಗದ ಅಭ್ಯಾಸ ಹೋಗಲಿಲ್ಲ. ನಾನೂ ಅವರಲ್ಲಿ ಒಬ್ಬ ಆಗಿದ್ದೆ.

ಸೆಕ್ಟರ್ ಹುಡುಗಿ | 11.34

ಒಪ್ಪಿಕೊಂಡಿದ್ದಕ್ಕೆ ಒಂದು ಮಾರ್ಕು. ನನ್ನ ಅಮ್ಮನ ತವರು ಹಳೇ ಬಾಗಲಕೋಟೆಯ ಕಿಲ್ಲಾ. ನಾನು ಹುಟ್ಟಿದ್ದು ಮುಳುಗಡೆಯವರಿಗೆ ಕಟ್ಟಿದ ನವನಗರದಲ್ಲಿ. ಅಮ್ಮ ವಿಳಾಸ ಹೇಳುವಾಗ ಈಗಲೂ ಓಣಿ, ಗುಡಿ, ಕಟ್ಟೆ ಅಂತಾಳೆ. ನಾನು ಸೆಕ್ಟರ್ ನಂಬರ್ ಹೇಳುತ್ತೇನೆ. ಇಬ್ಬರಿಗೂ ಒಬ್ಬರ ದಾರಿ ಒಬ್ಬರಿಗೆ ಸಿಗೋದಿಲ್ಲ. ಆ ಕಿಲ್ಲಾದ ನಕ್ಷೆ ಸಿಗುತ್ತದಾ?

ಕಪಾಟಿನ ಕಾವಲುಗಾರ | 11.41

ಟೋಪೋ ಹಾಳೆಯಲ್ಲಿ ಪಟ್ಟಣ ಬರೀ ಕೆಂಪು ಮಚ್ಚೆ. ಓಣಿ ಬೇಕಾದರೆ ಸಿಟಿ ಸರ್ವೇ ನಕ್ಷೆ ಕೇಳಬೇಕು. ಅದು ಆ ಊರಿನ ಸಿಟಿ ಸರ್ವೇ ಆಫೀಸಿನಲ್ಲಿ. ಅಮ್ಮನನ್ನೂ ಕರೆದುಕೊಂಡು ಹೋಗಿ, ನಿಮಗೆ ಒಬ್ಬರಿಗೇ ಅದು ಓದಲು ಬರೋದಿಲ್ಲ.

ಸುರಂಗ ಬಾವಿ | 12.30

ನನ್ನದೂ ಒಂದು ಸೇರಿಸುತ್ತೇನೆ. ವಿಜಯಪುರದಲ್ಲಿ ಆದಿಲ್‌ಶಾಹಿಗಳು ತೊರವಿ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ಪಟ್ಟಣಕ್ಕೆ ನೀರು ತಂದರು. ಗಾಳಿಗೆ, ಹೂಳು ತೆಗೆಯಲಿಕ್ಕೆ ಅಂತ ಅಲ್ಲಲ್ಲಿ ಮೇಲಿಂದ ಬಾವಿಯಂಥ ಬಾಯಿ ಬಿಟ್ಟಿದ್ದರು. ಇವತ್ತು ಕೆಲವು ಬಾಯಿಗಳ ಮೇಲೆ ಮನೆ ಇದೆ, ಕೆಲವು ಕಸದ ಗುಂಡಿ. ಉಪಗ್ರಹ ಚಿತ್ರದಲ್ಲಿ ಹುಡುಕಿ ಹುಡುಕಿ ಕಣ್ಣು ನೋಯಿತು. ಆಮೇಲೆ ಒಂದು ಹಳೇ ನಕ್ಷೆಯಲ್ಲಿ ಹೊಲದ ನಡುವೆ ಒಂದೇ ಸಾಲಿನಲ್ಲಿ ಬಾವಿ ಗುರುತುಗಳು ಕಂಡವು. ನೀರಾವರಿ ಬಾವಿ ಯಾರಾದರೂ ದಾರ ಹಿಡಿದ ಹಾಗೆ ಸಾಲಾಗಿ ತೋಡುತ್ತಾರಾ? ಆ ಸಾಲು ಹಿಡಿದು ಬೈಕಿನಲ್ಲಿ ಹೋದೆ. ಮೂರನೆಯ ಗುರುತಿನ ಜಾಗದಲ್ಲಿ ಒಬ್ಬ ಅಜ್ಜಿ ಕಟ್ಟಿಗೆ ಒಟ್ಟಿದ್ದಳು. ಕಟ್ಟಿಗೆ ಕೆಳಗೆ ಕಲ್ಲಿನ ಬಾಯಿ. “ಎಮ್ಮಿ ಬೀಳಬಾರದಂತ ಮುಚ್ಚೀನಿ” ಅಂದಳು.

ಹೆನ್ರಿ ಕಸಿನ್ಸ್ 1916ರಲ್ಲಿ ಬಿಜಾಪುರದ ಕಟ್ಟಡಗಳ ಮೇಲೆ ತಂದ ದೊಡ್ಡ ಪುಸ್ತಕದಲ್ಲಿ ಗುಮ್ಮಟ, ರೋಜಾಗಳ ಅಳತೆ ನಕ್ಷೆ ಚೆನ್ನಾಗಿದೆ. ಆದರೆ ಅಜ್ಜಿಯ ಕಟ್ಟಿಗೆ ಒಟ್ಟು ಅದರಲ್ಲೂ ಇಲ್ಲ.

ಎರಡು ರೊಟ್ಟಿ | 12.36

ಎಮ್ಮೆ ಉಳಿಸಿದ ಅಜ್ಜಿಗೆ ಪುರಾತತ್ವ ಇಲಾಖೆಯಲ್ಲಿ ಕೆಲಸ ಕೊಡಿ.

ಮುಳುಗಡೆ ಮಾಸ್ತರ | ಸಂಜೆ 6.15

ಶಾಲೆ ಮುಗಿಸಿ ಬಂದು ಈಗ ಓದಿದೆ. ಇಷ್ಟೊಂದು ಉತ್ತರ! ಕಾವಲುಗಾರರೇ, ಜೋಡಿಸಿದ್ದು ಹೇಗೆ ಅಂದರೆ... ಹಾಳೆಯ ಅಂಚು ಸುರುಳಿ ಎದ್ದಿತ್ತು, ಫೋಟೋದಲ್ಲಿ ಅಲ್ಲಿ ಮಸುಕು ಬಂದಿತ್ತು. ಹಾಗಾಗಿ ಮಸುಕಾದ ಭಾಗ ಕತ್ತರಿಸಿ, ಚೆನ್ನಾಗಿ ಕಾಣುವ ಕಡೆಯಿಂದ ಕೂಡಿಸಿದೆ. ಹೆಚ್ಚಿಲ್ಲ, ಅರ್ಧ ಇಂಚು.

ಟೋಪೋ ತಮ್ಮ | 6.17

ಸರ್!! ಅರ್ಧ ಇಂಚು ಅಂದರೆ ಅರ್ಧ ಮೈಲಿ! ಎಂಟುನೂರು ಮೀಟರ್ ಊರನ್ನೇ ಕತ್ತರಿಸಿ ಬಿಸಾಕಿದ್ದೀರಿ!

ನಿವೃತ್ತ ಚೈನ್‌ಮನ್ | 6.25

ಮಾಸ್ತರ, ಮಕ್ಕಳಿಗೆ ಅಳತೆ ಪಾಠ ಹೇಳುವವರು ನೀವೇ ಅಲ್ವಾ.

ಮುಳುಗಡೆ ಮಾಸ್ತರ | 6.26

ಹೇಳಬೇಡಿ ಕಾಕಾ. ಎಂಟನೇ ಇಯತ್ತೆಗೆ ಮೊನ್ನೆ ತಾನೇ ಹೇಳಿದ್ದೆ.

ಟೋಪೋ ತಮ್ಮ | 6.50

ಸ್ಕ್ಯಾನ್ ಸಿಕ್ಕ ಮೇಲೆ ಹೀಗೆ ಮಾಡಿ. ಕ್ಯೂಜಿಐಎಸ್ ಅಂತ ನಕ್ಷೆ ಕೆಲಸದ ಪುಕ್ಕಟೆ ತಂತ್ರಾಂಶ ಇದೆ. ಹಾಳೆಯ ನಾಲ್ಕೂ ಮೂಲೆಯಲ್ಲಿ ಅಕ್ಷಾಂಶ-ರೇಖಾಂಶ ಅಚ್ಚಾಗಿರುತ್ತದೆ. ಆ ನಾಲ್ಕು ಬಿಂದು ಕೊಟ್ಟರೆ ಹಾಳೆ ಭೂಮಿಯ ಮೇಲೆ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಎರಡು ಹಾಳೆಯನ್ನೂ ಹೀಗೆ ಕೂರಿಸಿ, ಬಿಳಿ ಅಂಚು ಕತ್ತರಿಸಿ. ತಾವಾಗಿಯೇ ಕೂಡುತ್ತವೆ, ನೀವು ಕೈ ಹಾಕುವುದು ಬೇಡ 🙂

ಒಂದು ಎಚ್ಚರ. ಹಳೇ ಹಾಳೆಗಳು ಭೂಮಿಯ ಆಕಾರಕ್ಕೆ ಎವರೆಸ್ಟ್ ಅನ್ನುವ ಲೆಕ್ಕದ ಮೇಲೆ ನಿಂತಿವೆ, ಜಿಪಿಎಸ್ ಬೇರೆ ಲೆಕ್ಕದ್ದು. ಅದನ್ನು ಹೇಳದೆ ಕೂರಿಸಿದರೆ ನಮ್ಮ ಕಡೆ ನೂರು ಮೀಟರಿಗೂ ಜಾಸ್ತಿ ಸರಿದಿರುತ್ತದೆ. ನಿಮ್ಮ ಮನೆ ಪಕ್ಕದವರ ಅಡುಗೆಮನೆಗೆ ಬರುತ್ತದೆ. ಸಂಶಯ ಬಂದರೆ ನೀರಿಗೆ ಹೋಗದೆ ಉಳಿದ ಯಾವುದಾದರೂ ಹಳೇ ಗುಡಿ, ಗುಡ್ಡದ ತುದಿ ನೋಡಿ ತಾಳೆ ಹಾಕಿ.

ಮತ್ತೆ, ಹಾಳೆಯ ಮೇಲೆ ಸರ್ವೇ ಮಾಡಿದ ವರ್ಷ, ಅಚ್ಚು ಮಾಡಿದ ವರ್ಷ ಎರಡೂ ಇರುತ್ತವೆ. ಇವೆರಡರ ನಡುವೆ ಎಷ್ಟೋ ವರ್ಷ ಹೋಗಿರಬಹುದು. ನೋಡಬೇಕಾದ್ದು ಸರ್ವೇ ವರ್ಷ. ನಿಮ್ಮ ಫೋಟೋದಲ್ಲಿ ಏನಿದೆ?

ಮುಳುಗಡೆ ಮಾಸ್ತರ | 6.54

ಅದನ್ನೂ ಕತ್ತರಿಸಿದ್ದೇನೆ.

ಸೆಕ್ಟರ್ ಹುಡುಗಿ | 6.55

😂😂

ಕುಂದಾ ಪ್ರಿಯ | 8.05

ಹೆಸರು ಹುಡುಕುವ ಬಗ್ಗೆ ಒಂದು ಸಂಗತಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ರಮ್ಸಿ ಸಂಗ್ರಹ ಅಂತ ಇದೆ. ಅಲ್ಲಿ ನಕ್ಷೆಯ ಮೇಲೆ ಅಚ್ಚಾದ ಅಕ್ಷರಗಳನ್ನು ಕಂಪ್ಯೂಟರೇ ಓದಿ, ನೀವು ಕೇಳಿದ ಹೆಸರು ಯಾವ ಯಾವ ನಕ್ಷೆಯಲ್ಲಿದೆ ಅಂತ ತೋರಿಸುತ್ತದೆ. ನಾನು ಈಗಿನ ಹೆಸರುಗಳನ್ನು ಹಾಕಿದೆ. ಏನೂ ಸರಿಯಾಗಿ ಬರಲಿಲ್ಲ. ಆಮೇಲೆ ಹೊಳೆಯಿತು, ಆ ಕಾಲದ ಸಾಹೇಬ ಕಿವಿಗೆ ಕೇಳಿದ ಹಾಗೆ ಬರೆದಿದ್ದಾನೆ. ‘ಬೀಜಾಪೂರ್’, ‘ಜುಮ್‌ಖುಂಡೀ’, ‘ಮೂಧೋಲ್’. ಹೀಗೆ ಎಳೆದು ಎಳೆದು ಹಾಕಿದರೆ ಸಿಗುತ್ತದೆ.

ಕಲಾದಗಿ ದಾಳಿಂಬೆ | 8.20

‘ಕುಲ್ಲಾಡ್ಗೀ’ ನೋಡಿದ್ದೇನೆ. ಕುಲ್ಫಿ ಮಾರುವ ಊರಿನ ಹಾಗೆ.

ನಿವೃತ್ತ ಚೈನ್‌ಮನ್ | 8.32

ಹಳ್ಳಿ ಹೆಸರು ಇನ್ನೂ ಕಷ್ಟ. ಸಾಹೇಬ ಮರಾಠಿ ಬಲ್ಲ ಗುಮಾಸ್ತನನ್ನು ಕೇಳುತ್ತಿದ್ದ, ಗುಮಾಸ್ತ ಕನ್ನಡ ಬಲ್ಲ ಓಲೇಕಾರನನ್ನು ಕೇಳುತ್ತಿದ್ದ. ಹಾಳೆಗೆ ಬರುವ ಹೊತ್ತಿಗೆ ಮೂರು ಬಾಯಿ ದಾಟಿದ ಹೆಸರು. ಊರಿನ ಹಿರಿಯರು ಪಕ್ಕದಲ್ಲಿ ಕೂರದೆ ಅದನ್ನು ಓದಬಾರದು.

ಬದುವಿನ ಜಗಳ | 8.40

ಕಾಕಾ, ಟಿಪ್ಪಣಿ ನಕಲಿಗೆ ಇವತ್ತು ಅರ್ಜಿ ಹಾಕಿದೆ. ದಾಯಾದಿಯೂ ಅದೇ ಸಾಲಿನಲ್ಲಿ ನಿಂತಿದ್ದ. ಅವನಿಗೂ ಅದೇ ಬೇಕಂತೆ. ಒಂದೇ ಫಾರ್ಮಿನಲ್ಲಿ ಮುಗಿಸಬಹುದಿತ್ತು.

ಮುಳುಗಡೆ ಮಾಸ್ತರ | ಹನ್ನೆರಡು ದಿನ ಆದ ಮೇಲೆ, ಶನಿವಾರ ರಾತ್ರಿ 10.10

ಹೇಳಲೇಬೇಕು ಅಂತ ಮತ್ತೆ ಬಂದೆ.

ಸ್ಕ್ಯಾನರ್ ಸರಿಯಾಗಿದೆ ಅಂತ ಫೋನ್ ಬಂತು. ಎರಡೂ ಹಾಳೆ ಸಿಕ್ಕವು. 47 ಪಿ/11, 47 ಪಿ/15, ತಮ್ಮ ಹೇಳಿದ್ದೇ ಸರಿ. ನನ್ನ ಎಂಟನೇ ಇಯತ್ತೆಯ ಇಬ್ಬರು ಹುಡುಗಿಯರು ಶಾಲೆಯ ಕಂಪ್ಯೂಟರಿನಲ್ಲಿ ಒಂದು ಮಧ್ಯಾಹ್ನ ಕೂತು ಮೂಲೆಗಳನ್ನು ಕೊಟ್ಟು ಕೂರಿಸಿದರು. ನಾನು ಕತ್ತರಿ ಮುಟ್ಟಲಿಲ್ಲ.

ನಡುವಿನ ಗೆರೆ ಹತ್ತಿರವೇ ಹಳ್ಳ ಒಂದು ತಿರುವು ತೆಗೆದುಕೊಳ್ಳುತ್ತದೆ. ಕುಡುಗೋಲಿನ ಹಾಗೆ. ನಾನು ಬಿಸಾಕಿದ್ದ ಅರ್ಧ ಇಂಚಿನಲ್ಲಿ ಆ ತಿರುವು ಇತ್ತು. ಅದು ಹೋದ ಮೇಲೆ ಹಳ್ಳ ನೆಟ್ಟಗಾಗಿ, ಗುಡಿ ಬೇರೆ ದಂಡೆಗೆ ಬಂದಿತ್ತು. ಸರಿಯಾಗಿ ಕೂಡಿಸಿದ್ದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಟ್ಟೆಯ ಮೇಲೆ ಹಾಸಿದೆ. ಅಪ್ಪ ಏನೂ ಮಾತಾಡಲಿಲ್ಲ. ಬೆರಳಿಟ್ಟು ಹೊಳೆಯಿಂದ ಹಳ್ಳದ ಗುಂಟ ಬಂದರು, ತಿರುವಿನಲ್ಲಿ ನಿಂತರು. “ಇಲ್ಲಿ ಎಮ್ಮಿ ಮೈ ತೊಳೀತಿದ್ವಿ” ಅಂದರು. ಗುಡಿ. ಅಲ್ಲಿಂದ ಅಗಸಿ. ಅಲ್ಲಿಂದ ಬೆರಳು ಸ್ವಲ್ಪ ಮೇಲೆ ಹೋಗಿ ನಿಂತಿತು. ಅಲ್ಲಿ ಏನೂ ಇಲ್ಲ, ಖಾಲಿ ಹಳದಿ.

“ಬಾವಿ ಎಲ್ಲಿ? ನಮ್ಮ ಮುತ್ಯಾ ತೋಡಿಸಿದ ಬಾವಿ?”

ಬಾವಿ ನಕ್ಷೆಯಲ್ಲಿ ಇಲ್ಲ.

ಟೋಪೋ ತಮ್ಮ | 10.18

ಸರ್, ಓದಿ ಮೈ ಜುಂ ಅಂತು. ಬಾವಿಗೆ ಎರಡು ಕಾರಣ ಇರಬಹುದು. ಇಂಚಿಗೆ ಮೈಲಿಯ ಅಳತೆಯಲ್ಲಿ ಎಲ್ಲ ಬಾವಿ ತೋರಿಸೋದಿಲ್ಲ, ಜಾಗ ಇರೋದಿಲ್ಲ. ಇಲ್ಲವೇ ಸರ್ವೇ ಆದ ಮೇಲೆ ತೋಡಿದ್ದು. ಈಗ ವರ್ಷ ನೋಡಿದ್ರಾ?

ಮುಳುಗಡೆ ಮಾಸ್ತರ | 10.21

ನೋಡಿದೆ, ನೋಡಿದೆ. ಅಪ್ಪನ ಲೆಕ್ಕದಲ್ಲಿ ಬಾವಿ ಅದಕ್ಕೂ ಹಳೆಯದು. ಹಾಗಾಗಿ ಅವರು ಸರ್ವೇಕ್ಷಣ ಇಲಾಖೆಯ ಮೇಲೇ ಸಿಟ್ಟಾಗಿದ್ದಾರೆ. ‘ಕಾಗದ ಮಾಡಿದವ ನಮ್ಮ ಬಾವಿ ನೀರು ಕುಡಿದಿಲ್ಲ’ ಅಂತಾರೆ. ಮೂಲ ಹಾಳೆ ತಾವೇ ನೋಡಬೇಕಂತೆ, ಪ್ರಿಂಟಿನಲ್ಲಿ ನೀನೇ ಏನೋ ಅಳಿಸಿರಬೇಕು ಅಂತ ನನ್ನ ಮೇಲೆ ಗುಮಾನಿ. ಮೊದಲ ಸಲದ ಕೆಲಸ ನೋಡಿದ ಮೇಲೆ ನಾನೂ ಏನು ಹೇಳಲಿ?

ತೊಂದರೆ ಏನೆಂದರೆ ಮೊಣಕಾಲು. ಆ ನಕ್ಷೆ ಕೋಣೆ ಎರಡನೇ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ.

ನಿವೃತ್ತ ಚೈನ್‌ಮನ್ | 10.30

ಊರಿನ ನಕಾಶೆಯಲ್ಲಿ ಬಾವಿ ಇರಬಹುದು ಮಾಸ್ತರ, ಅದರಲ್ಲಿ ಬಾವಿಗೆ ಗುರುತು ಹಾಕುತ್ತಿದ್ದೆವು. ಮುಳುಗಡೆ ಊರಾದರೂ ಕೇಳಿ ನೋಡಿ. ಬೇಕಾದರೆ ನಾನೂ ಜೊತೆಗೆ ಬರುತ್ತೇನೆ, ಭುಜ ಇಲ್ಲದಿದ್ದರೂ ಕಣ್ಣು ಇನ್ನೂ ಇದೆ.

ಕಪಾಟಿನ ಕಾವಲುಗಾರ | 10.52

ಮಂಗಳವಾರ ಹನ್ನೊಂದಕ್ಕೆ ಅಪ್ಪಾವರನ್ನು ಕರೆದುಕೊಂಡು ಬನ್ನಿ. ಕೆಳಗೆ ಬಾಗಿಲ ಹತ್ತಿರದ ಓದುವ ಮೇಜು ಖಾಲಿ ಮಾಡಿಸಿ ಇಡುತ್ತೇನೆ. ಎರಡೂ ಹಾಳೆ ಕೆಳಗೆ ಬರುತ್ತವೆ. ಹೊರಲು ಇಬ್ಬರು ಬೇಕು ಅಂದಿದ್ದೆನಲ್ಲ, ಒಂದು ಕಡೆ ನಾನು, ಇನ್ನೊಂದು ಕಡೆ ನೀವು. ನಿಯಮದ ಮಾತು ಆಮೇಲೆ ನೋಡಿಕೊಳ್ಳೋಣ.

ಪೆನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.

ಎರಡು ರೊಟ್ಟಿ | 10.53

ಪೆನ್ಸಿಲ್ ಕೊಡಬೇಡಿ ಸರ್. ಅಪ್ಪ ಬಾವಿ ಬರೆದುಬಿಡುತ್ತಾರೆ.

ಕಪಾಟಿನ ಕಾವಲುಗಾರ | 10.58

ತೆಳ್ಳಗೆ ಬರೆದರೆ ನಾನು ನೋಡಿಲ್ಲ.